ಮೂಗಿನ ಮೇಲೆ ಕನ್ನಡಿ

ಆಸ್ಪತ್ರೆಯ ಬೆಂಚಿಗೆ ಹೊಸದಾಗಿ ಬಣ್ಣ ಹೊಡೆದಿದ್ದರು. ಒಣಗಿದೆ, ಕೂತ್ಕೊಳ್ಳಿ ಎಂದು ಕಸ ಗುಡಿಸುವವಳು ಹೇಳಿದರೂ ಅವನಿಗೆ ನಂಬಿಕೆ ಬರಲಿಲ್ಲ. ಬೆರಳಿನಿಂದ ಒತ್ತಿ ನೋಡಿದ, ಬೆರಳನ್ನು ಮೂಸಿ ನೋಡಿದ, ಕೊನೆಗೆ ಕರ್ಚೀಫು ಹಾಸಿ ಅದರ ಮೇಲೆ ಮಗಳನ್ನು ಕೂರಿಸಿ ತಾನು ನಿಂತುಕೊಂಡ. ಈ ಹೊತ್ತಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಗಡಿಬಿಡಿ ಶುರುವಾಗಿರುತ್ತದೆ; ಪ್ರಕಟಣೆಯ ಕೋಣೆಯಲ್ಲಿ ಅವನ ಕುರ್ಚಿಯ ಮೇಲೆ ಬೇರೆ ಯಾರೋ ಕೂತು, ಗಂಟೆಯ ಸದ್ದು ಮುಗಿಯುವ ಮೊದಲೇ ಮೈಕಿಗೆ ಬಾಯಿ ಹಾಕಿ, 'ಪ್ರಯಾಣಿಕರ ಗಮನಕ್ಕೆ' ಎನ್ನುವುದನ್ನು 'ಪ್ರಯಾಣಿಕ್ರ ಗಮನ್ಕೆ' ಎಂದು ನುಂಗಿರುತ್ತಾರೆ. ಗಮನ ಎಂಬ ಮಾತನ್ನೇ ಗಮನವಿಲ್ಲದೆ ಹೇಳುವ ಜನ. ರೈಲು ತಡವಾದರೂ ಚಿಂತೆಯಿಲ್ಲ, ಮಾತು ತಡವರಿಸಬಾರದು ಎನ್ನುವುದು ಅವನ ಮತ. ಮೈಕಿನಲ್ಲಿ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾದರೆ ಸಾಕು, ಪ್ಲಾಟ್‌ಫಾರ್ಮಿನ ಉದ್ದಕ್ಕೂ ಜನ ತಲೆಯೆತ್ತಿ ಸ್ಪೀಕರಿನ ಕಡೆ ನೋಡುತ್ತಾರೆ, ಎಲ್ಲೋ ಏನೋ ಅನಾಹುತವಾಯಿತೆಂದು. ಆ ಮೌನಕ್ಕೆ ಹೆದರಿಕೊಂಡೇ ಅವನು ಇಷ್ಟು ವರ್ಷ ಸಂಸಾರ ಸಾಕಿದ್ದ. ಜೊತೆಯವರು ಅವನನ್ನು ಗಂಟಲು ಎಂದೇ ಕರೆಯುತ್ತಿದ್ದರು. ಗಂಟಲು ಊಟಕ್ಕೆ ಹೋಗಿದೆ, ಗಂಟಲಿಗೆ ನೆಗಡಿಯಂತೆ ಎಂದು ನಗುತ್ತಿದ್ದರು. ಇವತ್ತು ರಜೆ ಯಾಕೆ ಎಂದು ಕೇಳಿದವರಿಗೆ ಗಂಟಲು 'ಹಲ್ಲು ನೋವು' ಎಂದು ಸುಳ್ಳು ಹೇಳಿ ಬಂದಿತ್ತು.

ಮಗಳು ಕಾಲಾಡಿಸುತ್ತ ಕೂತಿದ್ದಳು. ಹುಟ್ಟಿದ ಹೊಸದರಲ್ಲಿ ಒಂದೇ ಎಳೆಯಲ್ಲಿ ಬಿಡದೆ ಅಳುತ್ತಿದ್ದಳೆಂದು ಅವಳ ಅಜ್ಜಿ ಪಿಟೀಲು ಎಂದು ಕರೆದದ್ದು ಹಾಗೇ ಅಂಟಿಕೊಂಡಿತ್ತು. ಅಳು ಹೋಗಿ ಮಾತು ಬಂದಮೇಲೆ ಆ ಹೆಸರು ಇನ್ನಷ್ಟು ಒಪ್ಪಿತು, ಅವಳು ಕುಯ್ಯಲು ಕೂತರೆ ಕೇಳುವವರು ಎದ್ದು ಹೋಗುವಂತಿರಲಿಲ್ಲ. ಸ್ಕೂಲಿಗೆ ಸೇರುವ ಮೊದಲೇ ಅಪ್ಪನ ಪ್ರಕಟಣೆಗಳೆಲ್ಲ ಅವಳ ಬಾಯಲ್ಲಿದ್ದವು. ಯಾವ ರೈಲು ಎಲ್ಲೆಲ್ಲಿ ನಿಲ್ಲುತ್ತದೆ, ಯಾವ ಊರಾದಮೇಲೆ ಯಾವ ಊರು, ಎಲ್ಲವನ್ನೂ ಗಂಟೆಯ ಸದ್ದಿನ ಸಮೇತ ಒಪ್ಪಿಸುತ್ತಿದ್ದಳು. ಮನೆಗೆ ಬಂದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನೂಲಿನಂತೆ ಸೀರೆ ಅಂತಾರಲ್ಲ, ಇದು ಗಂಟಲಿನಂತೆ ಪಿಟೀಲು ಎಂದು ಅವನ ತಮ್ಮ ಹೇಳಿದ ದಿನ ಅವನು ಎಷ್ಟು ಉಬ್ಬಿದ್ದನೆಂದರೆ ಆ ರಾತ್ರಿ ನಿದ್ದೆಯಲ್ಲೂ ನಕ್ಕನೆಂದು ಹೆಂಡತಿ ಹೇಳಿದ್ದಳು. ಅಂಥ ಹುಡುಗಿ ಮೂರನೆಯ ಕ್ಲಾಸಿನಲ್ಲಿ ಕೂತು, ಪುಸ್ತಕ ಕೈಗೆ ಕೊಟ್ಟರೆ ಬೆಪ್ಪಾಗುತ್ತಾಳೆಂದರೆ ಯಾರು ತಾನೇ ನಂಬಿಯಾರು. ದೀಪದ ಬುಡದಲ್ಲೇ ಕತ್ತಲು ಎನ್ನುವ ಗಾದೆ ಅವನಿಗೆ ಹಲ್ಲುಜ್ಜುವಾಗ, ಬೂಟಿನ ಲೇಸು ಕಟ್ಟುವಾಗ, ಯಾರೂ ಹೇಳದೆ ತಾನಾಗಿ ಕೇಳಿಸುತ್ತಿತ್ತು. ಸ್ಕೂಲಿನಲ್ಲಿ ಕರೆಸಿದ್ದರು. 'ಬಾಯಲ್ಲಿ ಕೇಳಿದ್ರೆ ಇವಳಷ್ಟು ಚೆನ್ನಾಗಿ ಹೇಳೋರು ಕ್ಲಾಸಲ್ಲೇ ಇಲ್ಲ' ಅಂದಿದ್ದರು ಟೀಚರು. 'ಒಂದ್ಸಲ ಪರೀಕ್ಷೆ ಮಾಡಿಸಿ. ಡಿಸ್ಲೆಕ್ಸಿಯಾ ಇರಬಹುದು. ಅದು ಬುದ್ಧಿ ಕಮ್ಮಿ ಅಂತಲ್ಲ, ಅಕ್ಷರ ಹಿಡಿಯೋ ದಾರಿ ಬೇರೆ. ಹಾಗಂತ ಪರೀಕ್ಷೆ ಮಾಡೋರು ಹೇಳಿದ್ರೆ ಬೇರೆ ಥರ ಕಲಿಸ್ತೀವಿ, ಪ್ರಶ್ನೆಗಳನ್ನ ನಾವೇ ಓದಿ ಹೇಳ್ತೀವಿ.' ಪಕ್ಕದಲ್ಲಿ ಕೂತಿದ್ದ ಹೆಡ್‌ಮೇಡಂ ಪೆನ್ನಿನ ಮುಚ್ಚಳ ಹಾಕುತ್ತ ಉಳಿದದ್ದನ್ನು ಮುಗಿಸಿದರು. 'ಏನೂ ಇಲ್ಲ ಅಂತ ಬಂದ್ರೆ ಸೋಮಾರಿತನ ಅಂತಲೇ ಲೆಕ್ಕ. ಮುಂದಿನ ವರ್ಷನೂ ಇದೇ ಕ್ಲಾಸು.' ಮನೆಗೆ ಬಂದು ಹೆಂಡತಿಗೆ ಹೇಳಹೋದವನು 'ಡಿಸ್ಕೆಲ್ಸಿಯಾ' ಎಂದ. ಮತ್ತೆ ಹೇಳಿದ, ಮತ್ತೆ ಹಾಗೇ ಬಂತು. ನಾಲಿಗೆ ಹೊರಳದ ಊರಿನ ಹೆಸರುಗಳನ್ನೆಲ್ಲ ನೀರು ಕುಡಿದಂತೆ ಹೇಳುವವನು ಈ ಒಂದು ಪದದ ಮುಂದೆ ಮುಗ್ಗರಿಸಿ ನಿಂತದ್ದನ್ನು ನೋಡಿ, ಚಪ್ಪಲಿ ಅಂಗಡಿಯಲ್ಲಿ ಇಡೀ ದಿನ ನಿಂತು ಬಂದು ಕಾಲು ನೀವಿಕೊಳ್ಳುತ್ತಿದ್ದ ಹೆಂಡತಿ, 'ನಿಮ್ಮ ಮಗಳೇ ಕಣ್ರೀ, ಅನುಮಾನ ಬೇಡ' ಎಂದು ನಕ್ಕಳು. ನಗುತ್ತಿದ್ದವಳು ಹಾಗೇ ಕಣ್ಣೊರೆಸಿಕೊಂಡಳು.

ಕಟ್ಟಡಕ್ಕೆಲ್ಲ ಬಣ್ಣ ಹೊಡೆಯುತ್ತಿದ್ದುದರಿಂದ ಪರೀಕ್ಷೆ ಮಾಡುವ ಮೇಡಂ ತಮ್ಮ ಕೋಣೆ ಬಿಟ್ಟು ತಾತ್ಕಾಲಿಕವಾಗಿ ಈ ಕಡೆ ಬಂದಿದ್ದರು. ಇಲ್ಲಿ ಗೋಡೆಯೆಂದರೆ ಪ್ಲೈವುಡ್ಡಿನ ತಡಿಕೆ. ಒಳಗೆ ಯಾರದೋ ಮಗ ಓದುತ್ತಿದ್ದ. ಎಳೆದು, ನಿಂತು, ಮತ್ತೆ ಹಿಂದಕ್ಕೆ ಹೋಗಿ ಓದುತ್ತಿದ್ದ, ಆದರೂ ಒಂದೊಂದು ಮಾತೂ ಹೊರಗೆ ಸ್ಪಷ್ಟವಾಗಿತ್ತು: ಅಜ್ಜ ಕಿಟಕಿಯ ಪಕ್ಕ ಕುಳಿತ. ಹೊರಗೆ ಗಾಳಿ ಬೀಸುತ್ತಿತ್ತು. ಅಜ್ಜ ಜೇಬಿನಿಂದ ಕನ್ನಡಿ ತೆಗೆದು ಮೂಗಿನ ಮೇಲೆ ಏರಿಸಿಕೊಂಡ. ಹೊರಗೆ ನಿಂತಿದ್ದ ಅವನಿಗೆ ತಡೆಯಲಾರದೆ ಮೂಗಿನಲ್ಲೇ ನಗು ಬಂತು. ಕನ್ನಡಕ, ಮಗು, ಕನ್ನಡಕ, ಎಂದು ಮನಸ್ಸಿನಲ್ಲೇ ತಿದ್ದಿದ; ತಿದ್ದದಿದ್ದರೆ ಮೈಯೆಲ್ಲ ನವೆಯಾಗುತ್ತಿತ್ತು. ಒಳಗಿನ ಮೇಡಂ ತಿದ್ದಲಿಲ್ಲ. ಹುಡುಗ ಮುಂದೆ ಹೋದ, ಅಜ್ಜ ಮೂಗಿನ ಮೇಲೆ ಕನ್ನಡಿಯಿಟ್ಟುಕೊಂಡೇ ಮರದ ಮೇಲಿನ ಹಕ್ಕಿಯನ್ನು ನೋಡಿದ. ಮಗಳ ಕಾಲು ಆಡುವುದು ನಿಂತಿತ್ತು. ಅವಳು ತಲೆಯನ್ನು ಸ್ವಲ್ಪ ವಾರೆ ಮಾಡಿ, ಬಾಯನ್ನು ಸದ್ದಿಲ್ಲದೆ ಅಲ್ಲಾಡಿಸುತ್ತ ತಡಿಕೆಯನ್ನೇ ನೋಡುತ್ತಿದ್ದಳು. ಪಾಪ, ಹೆದರಿದ್ದಾಳೆ ಎಂದುಕೊಂಡು ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ಆ ಕೈಯನ್ನು ನೊಣ ಓಡಿಸಿದಷ್ಟು ಮೆಲ್ಲಗೆ ಸರಿಸಿದಳು.

ಹೀಗೆ ಸರಿಸುವುದು ಇತ್ತೀಚಿನದು. ಮೊದಲು ಸಂಜೆಯಾದರೆ ಪುಸ್ತಕ ಹಿಡಿದು ತಾನಾಗಿ ಅವನ ಮಗ್ಗುಲಿಗೆ ಬಂದು ಕೂರುತ್ತಿದ್ದಳು. ಅವಳು ಓದುವುದು, ಅವನು ಕೇಳುವುದು. ಒಂದು ಪದದ ಮುಂದೆ ಅವಳು ನಿಂತರೆ ಅವನು ಆ ಪದವನ್ನು ಹೇಳಿಬಿಡುತ್ತಿದ್ದ, ಅವಳು ಅದನ್ನು ಎತ್ತಿಕೊಂಡು ಮುಂದೆ ನಡೆಯುತ್ತಿದ್ದಳು. ಎಷ್ಟು ಚೆನ್ನಾಗಿತ್ತು ಆ ನಡಿಗೆ, ಇಬ್ಬರೂ ಒಂದೇ ದನಿಯಲ್ಲಿ. ಅವಳು ಅಕ್ಷರಗಳನ್ನಲ್ಲ, ತನ್ನನ್ನೇ ಓದುತ್ತಿದ್ದಾಳೆ ಎಂಬುದು ಅವನಿಗೆ ತಿಳಿದದ್ದು ಒಂದು ಸಂಜೆ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಮಗುಚಿದಾಗ. ಪುಸ್ತಕದಲ್ಲಿ ಇರುವೆಗಳ ಚಿತ್ರವಿತ್ತು, ಅವಳು ಮಾತ್ರ ಬೆರಳನ್ನು ಸಾಲಿನ ಮೇಲೆ ಓಡಿಸುತ್ತ, ಮೋಡಗಳ ಪಾಠವನ್ನು ರಾಗವಾಗಿ ಓದುತ್ತ ಹೋದಳು. ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲಾ ಕಳ್ಳಿ, ಎಂದು ನಕ್ಕುಬಿಟ್ಟ. ಅಷ್ಟಕ್ಕೇ ಬಿಡದೆ ಮುಂದಿನ ಭಾನುವಾರ ತಮ್ಮನ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಅದನ್ನೇ ಕಥೆ ಮಾಡಿ ಹೇಳಿದ. ಅವನಿಗೆ ದನಿ ಅನುಕರಿಸುವುದು ಬೇರೆ ಬರುತ್ತದಲ್ಲ. ಗಾಳಿಯಲ್ಲಿ ಬೆರಳು ಓಡಿಸುತ್ತ, ಅವಳ ಹಾಗೇ ತಲೆದೂಗುತ್ತ, ಇರುವೆಗಳ ಮೇಲೆ ಮೋಡ ಹಾಯಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ. ಆಮೇಲೆ ಅವಳು ಅವನ ಮಗ್ಗುಲಿಗೆ ಪುಸ್ತಕ ತರಲಿಲ್ಲ. ಕರೆದರೆ ಕಣ್ಣು ಉರಿ ಅನ್ನುತ್ತಿದ್ದಳು, ಹೊಟ್ಟೆ ನೋವು ಅನ್ನುತ್ತಿದ್ದಳು. ಕಣ್ಣಿಗೆ ಔಷಧಿ ಬಿಟ್ಟರೆ ಅದನ್ನೂ ಸುಮ್ಮನೆ ಹಾಕಿಸಿಕೊಂಡಳು.

ಬಾಗಿಲು ತೆರೆದು ಆ ಹುಡುಗ ತಾಯಿಯ ಸೆರಗು ಹಿಡಿದು ಹೊರಗೆ ಬಂದ. ಮುಂದಿನವರು ಬನ್ನಿ ಎಂದರು ಮೇಡಂ. ಅವನು ಊಹಿಸಿದ್ದ ಬಿಳಿ ಕೋಟು ಅವರು ಹಾಕಿರಲಿಲ್ಲ. ಬಣ್ಣದ ವಾಸನೆಗೆ ಮೂಗು ಕಟ್ಟಿ ಕಣ್ಣೆಲ್ಲ ನೀರಾಗಿದ್ದ, ಅವನ ಅಕ್ಕನ ವಯಸ್ಸಿನ ಹೆಂಗಸು. 'ನಾನು ಚುಚ್ಚೋ ಡಾಕ್ಟರಲ್ಲ ಪುಟ್ಟ, ಅಳ್ತಾನೂ ಇಲ್ಲ, ಬಣ್ಣದ ವಾಸನೆ ಅಷ್ಟೇ' ಎಂದು ಮಗಳಿಗೆ ಹೇಳಿ ಎದುರಿನ ಕುರ್ಚಿ ತೋರಿಸಿದರು. ಅವನಿಗೆ ಹಿಂದಿನ ಮೂಲೆಯಲ್ಲಿ ಒಂದು ಸ್ಟೂಲು. 'ನೀವು ಇರಬಹುದು, ಮಾತು ಮಾತ್ರ ಆಡಬಾರದು. ಹೇಳಿಕೊಡೋ ಹಾಗಿಲ್ಲ.' ಅವನು ತಲೆಯಾಡಿಸಿದ. 'ಇವತ್ತಿಂದು ಜರಡಿ ಹಿಡಿಯೋ ಹಾಗೆ. ಮೊದಲು ಒಂದು ಸಣ್ಣ ಕಥೆ ಓದಿಸ್ತೀನಿ. ಅದು ಸಲೀಸಾಗಿ ಬಂದ್ರೆ ಮುಂದಿನ ಪರೀಕ್ಷೆಗಳು ಬೇಕಾಗಲ್ಲ, ಏನೂ ತೊಂದರೆಯಿಲ್ಲ ಅಂತ ಸ್ಕೂಲಿಗೆ ಬರೆದುಕೊಡ್ತೀನಿ, ಮನೆಗೆ ಹೋಗಬಹುದು. ಬರದಿದ್ರೆ ನಿಧಾನವಾಗಿ ಮುಂದೆ ನೋಡೋಣ.' ಮನೆಗೆ ಹೋಗಬಹುದು ಎಂದಾಗ ಮಗಳ ಜಡೆ ಅಲ್ಲಾಡಿದ್ದನ್ನು ಅವನು ನೋಡಿದ. ಮೇಡಂ ಅವಳ ಮುಂದೆ ದಪ್ಪ ಅಕ್ಷರದ ಒಂದು ಹಾಳೆ ಇಟ್ಟರು. ಮೂಲೆಯಿಂದ ಅವನಿಗೆ ಸಾಲುಗಳು ಕಾಣುತ್ತಿದ್ದವೇ ಹೊರತು ಅಕ್ಷರ ತಿಳಿಯುತ್ತಿರಲಿಲ್ಲ, ಮೇಲುಗಡೆಯ ಚಿತ್ರ ಕಾಣುತ್ತಿತ್ತು. ಒಂದು ಕಿಟಕಿ, ಕಿಟಕಿಯ ಪಕ್ಕ ಒಬ್ಬ ಮುದುಕ.

ಅವಳು ಬೆರಳಿಟ್ಟು ಓದಿದಳು. ಅಜ್ಜ ಕಿಟಕಿಯ ಪಕ್ಕ ಕುಳಿತ. ಹೊರಗೆ ಗಾಳಿ ಬೀಸುತ್ತಿತ್ತು. ಎಂಥ ದನಿ ಅದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ, ಎಲ್ಲಿ ಇಳಿಸಬೇಕೋ ಅಲ್ಲಿ. ಅವನ ಎದೆಯ ಮೇಲಿಂದ ಯಾರೋ ಚಪ್ಪಡಿ ಎತ್ತಿದಂತಾಯಿತು. ಬರುತ್ತದೆ. ಇವಳಿಗೆ ಓದು ಬರುತ್ತದೆ. ಏನೂ ಇಲ್ಲ, ಸುಮ್ಮನೆ ತಲೆಗೆ ಹುಳ ಬಿಟ್ಟುಕೊಂಡೆವು, ಹೋಗುತ್ತ ಚಪ್ಪಲಿ ಅಂಗಡಿಯ ಮುಂದೆ ನಿಂತು ಹೆಂಡತಿಯನ್ನು ಹೊರಗೆ ಕರೆದು ಹೇಳಬೇಕು, ಎಂದು ಅವನು ಇನ್ನೂ ಅಂದುಕೊಳ್ಳುತ್ತಿರುವಾಗಲೇ ಅವಳು ಓದಿದಳು: ಅಜ್ಜ ಜೇಬಿನಿಂದ ಕನ್ನಡಿ ತೆಗೆದು ಮೂಗಿನ ಮೇಲೆ ಏರಿಸಿಕೊಂಡ.

ಮೇಡಂ ಹಾಳೆಯ ಅಂಚಿನಲ್ಲಿ ಒಂದು ಸಣ್ಣ ಗೀಟು ಎಳೆದರು, ಅಷ್ಟೇ. ಅದು ಎಲ್ಲ ಮಕ್ಕಳೂ ಎಡವುವ ಕಲ್ಲೇ ಇರಬೇಕು. ಆ ಒಂದು ಗೀಟಿಗೆ ಯಾರೂ ನಪಾಸಾಗುವುದಿಲ್ಲ. ಮಗಳು ಮುಂದೆ ಹೋದಳು, ಹಕ್ಕಿ, ಗೂಡು, ಎಲ್ಲ ಬಂತು. ಅವನು ಈಗ ಕೇಳುತ್ತಿರಲಿಲ್ಲ, ಅವಳ ಬೆರಳನ್ನು ನೋಡುತ್ತಿದ್ದ. ಬಾಯಿ ಕಥೆಯ ಕೊನೆ ಮುಟ್ಟಿದ್ದರೂ ಬೆರಳು ಇನ್ನೂ ಕೊನೆಯಿಂದ ಒಂದು ಸಾಲು ಹಿಂದೆ, ಯಾರೂ ಇಲ್ಲದ ಕಡೆ ನಡೆಯುತ್ತಿತ್ತು. ಒಂದೇ ಸಲ ಕೇಳಿ, ಆ ಹುಡುಗನ ತಡವರಿಕೆಯನ್ನೆಲ್ಲ ಸೋಸಿ ಎಸೆದು, ಅವನ ತಪ್ಪೊಂದನ್ನು ಮಾತ್ರ ತಪ್ಪೆಂದು ತಿಳಿಯದೆ ಜೋಪಾನವಾಗಿ ಹೊತ್ತು ತಂದಿದ್ದಳು. ಅಕ್ಷರ ಓದಿ ಎಡವಿದವಳಲ್ಲ. ಎಡವುವಷ್ಟು ಹತ್ತಿರವೂ ಅವಳು ಅಕ್ಷರಗಳಿಗೆ ಹೋಗಿರಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದವನ ಹಾಗೆ ಅವನು ಕೂತ. ಸುಮ್ಮನಿದ್ದರೆ ಪಾಸು. ಮಗಳಿಗೆ ಏನೂ ಇಲ್ಲ ಎಂದು ಕಾಗದದ ಮೇಲೆ ಬರೆದುಕೊಡುತ್ತಾರೆ, ತಮ್ಮನ ಮನೆಯವರಿಗೆ ಹೇಳಬಹುದು, ಸ್ಟೇಷನ್ನಿನಲ್ಲಿ ಹಲ್ಲು ನೋವು ವಾಸಿಯಾಯಿತು ಎನ್ನಬಹುದು. ಆಸೆಯಾಯಿತು ಅವನಿಗೆ, ನಾಚಿಕೆಯಿಲ್ಲದಷ್ಟು ಆಸೆಯಾಯಿತು. ಆಮೇಲೆ? ಆಮೇಲೆ ಹೆಡ್‌ಮೇಡಂ ಪೆನ್ನಿನ ಮುಚ್ಚಳ ಹಾಕುತ್ತಾರೆ. ಸೋಮಾರಿ. ಮುಂದಿನ ವರ್ಷವೂ ಅದೇ ಕ್ಲಾಸು, ಹೊಸ ಮಕ್ಕಳ ನಡುವೆ ಉದ್ದಕ್ಕೆ ಬೆಳೆದ ಇವಳು, ಇವಳ ಆಟ ಗೊತ್ತಾಗದ ಹಾಗೆ ಇನ್ನೂ ಚುರುಕಾಗಿ ಕೇಳಿಸಿಕೊಳ್ಳುತ್ತ, ಇನ್ನೂ ಜೋರಾಗಿ ನಗುತ್ತ. ಹೇಳಿಬಿಟ್ಟರೋ, ಇನ್ನೊಮ್ಮೆ ಕಳ್ಳಿ ಎಂದ ಹಾಗೆ. ಅಂದು ಹತ್ತು ಜನ ನೆಂಟರ ಮುಂದೆ, ಇಂದು ಪರಿಚಯವಿಲ್ಲದ ಒಬ್ಬರ ಮುಂದೆ. ಯಾವ ಕಡೆ ತಿರುಗಿದರೂ ಅವಳ ಬೆನ್ನೇ ಕಾಣುತ್ತಿತ್ತು, ಸ್ಕೂಲಿನ ಬಿಳಿ ಅಂಗಿಯ, ಇಸ್ತ್ರಿ ಮಾಡುವಾಗ ಅವನೇ ಸ್ವಲ್ಪ ಸುಟ್ಟಿದ್ದ ಕಾಲರಿನ ಬೆನ್ನು.

'ಭೇಷ್' ಎಂದರು ಮೇಡಂ. 'ಇಷ್ಟು ಚೆನ್ನಾಗಿ ಓದ್ತೀಯಲ್ಲ, ಯಾಕೆ ಕಳಿಸಿದ್ರು ನಿನ್ನ?'

ಅವನು ಎದ್ದ. ಮಾತಾಡಬಾರದು ಎಂದಿದ್ದವರು ತಲೆಯೆತ್ತಿ ನೋಡಿದರು. ಅವನು ಅವರ ಹತ್ತಿರ ಹೋಗದೆ ಮಗಳ ಕುರ್ಚಿಯ ಪಕ್ಕ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಹಾಗೆ ಕೂತರೆ ಅವನ ಮುಖ ಅವಳ ಮುಖಕ್ಕಿಂತ ಕೆಳಗಿರುತ್ತಿತ್ತು. ಅವಳು ಅವನನ್ನು ನೋಡಲಿಲ್ಲ.

'ಪಿಟೀಲು, ಕನ್ನಡಿ ಅಂದಿದ್ದು ಆ ಹುಡುಗ, ಅಲ್ವಾ?'

ಅವಳ ಕಿವಿ ಕೆಂಪಾಯಿತು.

'ಮೇಡಂಗೆ ನೀನೇ ಹೇಳ್ತೀಯಾ? ಬೇಡ ಅಂದ್ರೆ ಬೇಡ. ನಾನಂತೂ ಹೇಳಲ್ಲ.'

ಈ ಮಾತು ಬಾಯಿಂದ ಬರುವವರೆಗೂ ತಾನು ಹೀಗೆ ಹೇಳುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಭಯವಾಯಿತು, ಅವಳು ಬೇಡ ಎಂದರೆ ಎದ್ದು ಹೋಗಿ ಸ್ಟೂಲಿನ ಮೇಲೆ ಕೂರಬೇಕು, ಪಾಸಾದ ಮಗಳನ್ನು ಕರೆದುಕೊಂಡು ಮನೆಗೆ ಹೋಗಬೇಕು. ಪಕ್ಕದ ಕೋಣೆಯಲ್ಲಿ ಬಣ್ಣದವರು ಏಣಿ ಎಳೆದ ಸದ್ದಾಯಿತು. ಮೇಡಂ ಮೂಗೊರೆಸಿಕೊಂಡರು. ಅವನ ನಾಲಿಗೆಯ ತುದಿಗೆ ಏನೇನೋ ಬಂತು, ಹೇಳಮ್ಮ, ಹೆದರಬೇಡ, ಮೇಡಂ ಒಳ್ಳೆಯವರು. ಎಲ್ಲವನ್ನೂ ಹಲ್ಲಿನ ಹಿಂದೆ ಹಿಡಿದ. ಅವನ ಮೊಣಕಾಲು ನೋಯತೊಡಗಿತು.

'ನಾನು ಓದಲಿಲ್ಲ' ಎಂದಳು ಅವಳು ಹಾಳೆಯನ್ನು ನೋಡುತ್ತ. 'ಆಚೆ ಕೂತು ಕೇಳಿಸ್ಕೊಂಡೆ.'

'ಪೂರ್ತಿನಾ? ಅವನು ಓದಿದ್ದು ಒಂದೇ ಸಲ' ಎಂದರು ಮೇಡಂ.

'ಹೂಂ. ಅವನು ತುಂಬ ನಿಧಾನ ಓದಿದ. ಅದಕ್ಕೇ ಸುಲಭ ಆಯ್ತು.'

ಮೇಡಂ ಒಂದು ಕ್ಷಣ ಪ್ಲೈವುಡ್ಡಿನ ಗೋಡೆಯನ್ನು ನೋಡಿ, ಅದಕ್ಕೊಂದು ಏಟು ಹಾಕಿ, ಡಬಡಬ ಸದ್ದು ಬಂದದ್ದಕ್ಕೆ ತಾವೇ ತಲೆ ಚಚ್ಚಿಕೊಂಡರು. 'ನನ್ನ ತಪ್ಪು ಪುಟ್ಟ. ಗೋಡೆಗೂ ಕಿವಿ ಇರುತ್ತೆ ಅಂತಾರೆ, ನಾನು ನಿನ್ನ ಕಿವಿ ಮರೆತೆ.' ಆಮೇಲೆ ಅವರು ಮಗಳ ಕಡೆ ಬಾಗಿ, ಗುಟ್ಟು ಹೇಳುವವರ ಹಾಗೆ, 'ಇಂಥ ಕಿವಿ ಎಲ್ಲರಿಗೂ ಇರಲ್ಲ. ನೀನು ಇಷ್ಟು ದಿನ ಕಣ್ಣಿನ ಕೆಲಸಾನೂ ಕಿವಿ ಹತ್ರಾನೇ ಮಾಡಿಸ್ತಿದ್ದೆ, ಅಲ್ವಾ? ಸುಸ್ತಾಗಿರುತ್ತೆ' ಎಂದರು. ಸುಸ್ತು ಎಂಬ ಮಾತಿಗೆ ಅವಳ ಭುಜಗಳು ಇಳಿದವು. ಅವಳಿಗೆ ಸುಸ್ತಾಗಿರಬಹುದೆಂದು ಇದುವರೆಗೆ ಯಾರೂ ಅಂದಿರಲಿಲ್ಲ. ಅವನಿಗೆ ಹೊಳೆದೂ ಇರಲಿಲ್ಲ. ಮೇಡಂ ಡ್ರಾಯರಿನಿಂದ ಬೇರೆ ಹಾಳೆ ತೆಗೆದರು. ಇದನ್ನು ಯಾರೂ ಓದಿಲ್ಲ, ತಪ್ಪಾದರೆ ಒಳ್ಳೆಯದೇ, ತಪ್ಪು ಎಲ್ಲಿದೆ ಅಂತ ನೋಡೋಕೇ ನಾವು ಕೂತಿರೋದು ಎಂದರು. ಅವಳು ಹಾಳೆ ನೋಡಿದಳು, ಅಪ್ಪನನ್ನು ನೋಡಿದಳು.

'ಅಪ್ಪ ಆಚೆ ಹೋಗ್ಲಿ.'

ಅವನು ಹೋದ. ನಗುತ್ತಲೇ ಹೋದ, ಮೈಕಿನ ಮನುಷ್ಯನಲ್ಲವೆ, ದನಿಯಂತೆ ಮುಖವನ್ನೂ ಸರಿಮಾಡಿಕೊಳ್ಳಬಲ್ಲ. ಬಾಗಿಲು ಮುಚ್ಚಿಕೊಂಡಮೇಲೆ ಬೆಂಚಿನ ಮೇಲೆ, ಬಣ್ಣ ಒಣಗಿದೆಯೋ ಇಲ್ಲವೋ ನೋಡದೆ ಧೊಪ್ಪನೆ ಕೂತ. ಕೇಳಿಸಿಕೊಳ್ಳಬಾರದು, ದೂರ ಹೋಗಬೇಕು ಎಂದುಕೊಂಡ, ಏಳಲಾಗಲಿಲ್ಲ. ತಡಿಕೆಯ ಆಚೆ ಒಂದು ದನಿ ಶುರುವಾಯಿತು. ಅದು ಅವನಿಗೆ ಗೊತ್ತಿದ್ದ ದನಿಯಲ್ಲ. ರಾಗವಿಲ್ಲ, ಏರಿಳಿತವಿಲ್ಲ, ಕತ್ತಲಲ್ಲಿ ಗೋಡೆ ತಡವಿಕೊಂಡು ಬರುವವರ ಹಾಗೆ ಒಂದೊಂದೇ ಅಕ್ಷರ. ಒ. ಬ. ಒಬ್ಬ. ದ. ಜ. ದಜಿ. ದಜ್ರಿ. ಒಬ್ಬ ದಜ್ರಿ ಇದ್ದ. ಅವನ ತುಟಿ ತಾನಾಗಿ ದರ್ಜಿ ಎಂದು ಅಲುಗಿತು, ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದ.

'ಮೇಡಂ, ಈ ಬಾಲ ಇದೆಯಲ್ಲ, ಕೊನೇಲಿ. ಇದನ್ನ ಮೊದಲು ಹೇಳ್ಬೇಕಾ, ಆಮೇಲೆ ಹೇಳ್ಬೇಕಾ?'

'ಅದು ಅರ್ಕಾವೊತ್ತು. ಮೊದಲು ಹೇಳ್ಬೇಕು.'

'ಮೊದಲು ಹೇಳೋದನ್ನ ಆಮೇಲೆ ಯಾಕೆ ಬರೀತಾರೆ?'

'ನನಗೂ ಗೊತ್ತಿಲ್ಲ ಪುಟ್ಟ. ಹಾಗೆ ರೂಢಿ ಆಗಿಬಿಟ್ಟಿದೆ.'

ಅವನಿಗೂ ಗೊತ್ತಿರಲಿಲ್ಲ. ದಿನಕ್ಕೆ ನೂರು ಸಲ ಅಂಥ ಪದಗಳನ್ನು ಓದಿ ಹೇಳುವವನು, ಬಾಲ ಹಿಂದಿದ್ದು ಸದ್ದು ಮುಂದೆ ಬರುವುದನ್ನು ಒಂದು ದಿನವೂ ನೋಡಿರಲಿಲ್ಲ. ಅವಳು ಇದನ್ನು ಕೇಳಬೇಕೆಂದು ಎಷ್ಟು ದಿನದಿಂದ ಇಟ್ಟುಕೊಂಡಿದ್ದಳೋ. ಕೇಳುವಷ್ಟು ಹೊತ್ತು ಅವನು ಎಂದಾದರೂ ಸುಮ್ಮನಿದ್ದರೆ ತಾನೆ. ಒಳಗೆ ದಜ್ರಿ ಬಟ್ಟೆಯ ಹತ್ತಿರ ಬಂದಿದ್ದ. ಬ. ಟ. ಬಟೆ. ಬಟ್ಟೆ. ಹೊ. ಲಿ. ಹೊಲಿ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಬೆಳೆಯುತ್ತ ಹೋಯಿತು. ಇಷ್ಟು ಉದ್ದದ ಮೌನವನ್ನು ಅವನು ಜೀವಮಾನದಲ್ಲಿ ಸಹಿಸಿದವನಲ್ಲ. ಬಿದ್ದಳು, ಮುಗಿಯಿತು, ಯಾರಾದರೂ ಎತ್ತಿಕೊಳ್ಳಿ ಎಂದು ಮೈಯೆಲ್ಲ ಕೂಗುತ್ತಿತ್ತು. ಮೇಡಂ ಯಾಕೆ ಹೇಳುತ್ತಿಲ್ಲ? ಅವನು ಕಣ್ಣು ಮುಚ್ಚಿದ. ಆಗ ಆ ಮೌನದ ಒಳಗಿಂದ ಸಣ್ಣಗೆ ಏನೋ ಕೇಳಿಸಿತು, ಅವಳ ಉಸಿರು. ಅವಳು ಬಿದ್ದಿರಲಿಲ್ಲ. ಕೆಲಸ ಮಾಡುತ್ತಿದ್ದಳು. ಇಷ್ಟು ದಿನ ಅವನು ಪದ ಕೊಟ್ಟು ಕೊಟ್ಟು ಕಿತ್ತುಕೊಂಡದ್ದು ಈ ಹೊತ್ತನ್ನೇ ಎಂದು ಅವನಿಗೆ ಆಗ ತಿಳಿಯಿತು. 'ಹೊಲಿಯುತ್ತಿದ್ದ' ಎಂದಿತು ಒಳಗಿನ ದನಿ. ಸ್ವಲ್ಪ ತಡೆದು, 'ಓ, ದರ್ಜಿ' ಎಂದಿತು.

ಸ್ವಲ್ಪ ಹೊತ್ತಾದ ಮೇಲೆ ನೀರು ಕುಡಿದು ಬರಲೆಂದು ಮೇಡಂ ಅವಳನ್ನು ಬಿಟ್ಟರು. ಅವಳು ಬಂದು ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಗಟಗಟ ಕುಡಿದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಚೆನ್ನಾಗಿ ಓದಿದೆ ಎನ್ನಬೇಕೆನಿಸಿತು, ಅದು ಸುಳ್ಳು. ಪರವಾಗಿಲ್ಲ ಬಿಡು ಎನ್ನಬೇಕೆನಿಸಿತು, ಅದು ಇನ್ನೂ ದೊಡ್ಡ ಸುಳ್ಳು.

'ಆಚೆ ಕೇಳಿಸ್ತಾ?' ಎಂದಳು.

'ಕೇಳಿಸ್ತು.'

'ಎಲ್ಲಾನೂ?'

'ಎಲ್ಲಾನೂ ಕೇಳಿಸ್ತು ಕಂದ.'

ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು, ಮತ್ತೆ ಬಿಚ್ಚಿದಳು. 'ನಗು ಬಂತಾ?'

'ಇಲ್ಲ.'

'ಯಾರಿಗಾದ್ರೂ ಮಾಡಿ ತೋರಿಸ್ತೀಯಾ?'

ಅವನು ಇಲ್ಲವೆಂದು ತಲೆಯಾಡಿಸಿದ. ಅದು ಸಾಲದೆನ್ನಿಸಿ, 'ಅವತ್ತು ಮಾಡಿದ್ದೇ ತಪ್ಪು. ಇನ್ಯಾವತ್ತೂ ಇಲ್ಲ' ಎಂದ. ಅವಳು ಅವನ ಮುಖವನ್ನು ಬಹಳ ಹೊತ್ತು, ಮೊದಲ ಸಲ ನೋಡುವ ಪದವನ್ನು ನೋಡುವ ಹಾಗೆ ನೋಡಿದಳು.

'ಸರಿ, ಒಳಗೆ ಬಾ. ಇನ್ನೂ ಅರ್ಧ ಇದೆ' ಎಂದಳು. 'ಆದ್ರೆ ಹೇಳಿಕೊಡಬಾರದು.'

'ಇಲ್ಲ.'

'ನಾನು ನಿಂತ್ರೂ?'

'ನೀನು ನಿಂತ್ರೂ.'

ಅವಳು ಮುಂದೆ, ಅವನು ಹಿಂದೆ ಒಳಗೆ ಹೋದರು. ಮೂಲೆಯ ಸ್ಟೂಲಿನ ಕಡೆ ತಿರುಗಿದವನನ್ನು ಅವಳು ಅಂಗಿ ಹಿಡಿದು ಎಳೆದು, ತನ್ನ ಮಗ್ಗುಲಿನ ಖಾಲಿ ಕುರ್ಚಿ ತೋರಿಸಿದಳು. ಹಾಳೆಯನ್ನು ಇಬ್ಬರಿಗೂ ಕಾಣುವಂತೆ ನಡುವೆ ಸರಿಸಿದಳು. ಸಾಲಿನ ಮೇಲೆ ಬೆರಳಿಟ್ಟು ಉಸಿರು ತೆಗೆದುಕೊಂಡಳು. ಮೊದಲನೆಯ ಪದದಲ್ಲೇ ನಿಂತಳು. ಅವನು ಕಾದ.